ಜೀಪಿಗೂ ಒಂದು ಸೈಜು ದೊಡ್ಡದು

ನಾನು ಮನಸ್ಸು ಮಾಡಿದರೆ ರಸ್ತೆಯ ಗುಂಡಿಯನ್ನೇ ಅಳಿಸಿಹಾಕಬಲ್ಲೆ! ಹೀಗೆಂದು ಒಂದು ಭಾನುವಾರ ಬೆಳಿಗ್ಗೆ, ಒಂದು ಕೈಯಲ್ಲಿ ಮಗಳ ಒದ್ದೆ ಲಂಗೋಟಿ, ಇನ್ನೊಂದು ಕೈಯಲ್ಲಿ ಅವಳ ಹಾಲಿನ ಬಾಟಲಿ ಹಿಡಿದು ಮನೆಮಂದಿಯೆದುರು ಘೋಷಿಸಿದೆ. ಮನೆಮಂದಿ ಎಂದರೆ ನಮ್ಮ ಯಜಮಾನರು ಮತ್ತು ಅತ್ತೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ಮಾತ್ರ, "ಮೊದಲು ಆ ಲಂಗೋಟಿ ಒಣಗಹಾಕಮ್ಮ, ಗುಂಡಿ ಆಮೇಲೆ ಅಳಿಸುವೆಯಂತೆ" ಎಂದರು.

ನಮ್ಮ ಮಗಳಿಗೆ ಮನೆಯಲ್ಲಿ ಕರೆಯುವ ಹೆಸರು ಸೈರನ್. ಈಗಷ್ಟೇ ಅಂಬೆಗಾಲಿಡುತ್ತಿರುವ ಈ ಮಹಾರಾಣಿಗೆ ಮಧ್ಯಾಹ್ನ ನಿದ್ದೆ ಬರುವುದು ಇಡೀ ಭೂಮಂಡಲದಲ್ಲಿ ಒಂದೇ ಜಾಗದಲ್ಲಿ. ಓಡುವ ಜೀಪಿನಲ್ಲಿ! ತೊಟ್ಟಿಲು ತೂಗಿ ನೋಡಿದೆವು. ಹೆಗಲಿಗೆ ಹಾಕಿಕೊಂಡು ತಟ್ಟಿದೆವು. ಅತ್ತೆ ಹಾಡಿದರು. ಇವರೂ ಹಾಡಿದರು, ಆಮೇಲೆ ಪಕ್ಕದ ಮನೆಯ ನಾಯಿಯೂ ನಿದ್ದೆ ಬಿಟ್ಟಿತು. ಜೀಪು ಹತ್ತಿಸಿದರೆ ಮಾತ್ರ ಅವಳ ಕಣ್ಣು ಎಳೆಯುತ್ತದೆ. ಆದರೆ ಇನ್ನೇನು ರೆಪ್ಪೆ ಕೂಡಿತು ಎನ್ನುವಾಗ ನೀರಿನ ಟ್ಯಾಂಕಿನ ಪಕ್ಕದ ಗುಂಡಿ. ಧಡ್! ಸೈರನ್ ಶುರು!

ಅವಳು ಮಲಗದೆ ನಾನು ಮಲಗುವಂತಿಲ್ಲ. ಹಿಂದಿನ ದಿನ ಚಹಾಕ್ಕೆ ಉಪ್ಪು ಹಾಕಿ, ಪೂರ್ತಿ ಕುಡಿದು, "ಇವತ್ತು ಚೆನ್ನಾಗಿದೆ" ಎಂದಿದ್ದೆನಂತೆ. ಒಂದೇ ಒಂದು ಮಧ್ಯಾಹ್ನದ ನಿದ್ದೆಗಾಗಿ ನಾನು ಏನು ಮಾಡಲೂ ಸಿದ್ಧಳಿದ್ದೆ.

ಆದ್ದರಿಂದ ದೊಡ್ಡ ಟೈರು! ಚಿಕ್ಕ ಚಕ್ರ ಗುಂಡಿಗೆ ಬೀಳುತ್ತದೆ. ದೊಡ್ಡ ಚಕ್ರ ಗುಂಡಿಯನ್ನು ಕ್ಯಾರೇ ಎನ್ನದೆ ದಾಟುತ್ತದೆ, ಆನೆ ನಡೆದ ಹಾಗೆ.

"ಎಷ್ಟು ದೊಡ್ಡದು?" ಇವರು ಕೊನೆಗೂ ಪೇಪರ್ ಇಳಿಸಿದರು.

"ಈಗಿರೋದಕ್ಕಿಂತ ಒಂದು ಸೈಜು ಜಾಸ್ತಿ ಆದ್ರೆ ಸಾಕು ಅಂತಾನೆ ಮೆಕ್ಯಾನಿಕ್. ನಾನು ಅದಕ್ಕಿಂತ ಇನ್ನೊಂದು ಸೈಜು ದೊಡ್ಡದು ಹಾಕಿಸ್ತೀನಿ."

"ಯಾಕೆ?"

"ಯಾಕೆ ಅಂದ್ರೆ? ನಾನು ಯಾವತ್ತಾದ್ರೂ ಸರಿಯಾದ ಸೈಜು ತಂದಿದ್ದೀನಾ?"

ಇದು ನನ್ನ ಸಂಸಾರದ ಸಂವಿಧಾನ. ಮಗಳ ಫ್ರಾಕು, ಟೋಪಿ, ಕಾಲುಚೀಲ, ಎಲ್ಲವೂ ಒಂದು ಸೈಜು ದೊಡ್ಡದು. ಬೆಳೆಯೋ ಮಗು, ನಾಳೆಗೂ ಆಗಬೇಕಲ್ಲ! ಅದೇ ಕೈ ರೂಢಿಯಾಗಿ ಇವರ ಷರಟನ್ನೂ ಹಾಗೇ ತರುತ್ತೇನೆ. ಇವರೂ ಪಾಪ, ಮದುವೆಯಾದಾಗಿನಿಂದ ಹೊಟ್ಟೆಯ ಸುತ್ತಳತೆಯಲ್ಲಿ ನನ್ನ ನಂಬಿಕೆ ಉಳಿಸಿಕೊಳ್ಳಲು ಶ್ರಮಿಸುತ್ತಿದ್ದಾರೆ. ಕಾಲರ್ ಮಾತ್ರ ಇನ್ನೂ ಸಡಿಲ.

"ಜೀಪು ಬೆಳೆಯಲ್ಲ ಕಣೇ!"

"ಬೆಳೆಯತ್ತೆ ರೀ. ಅದಕ್ಕೇ ಲಿಫ್ಟ್ ಅನ್ನೋದು. ಸ್ಪ್ರಿಂಗಿಗೆ ಒಂದು ದಪ್ಪ ಬಿಲ್ಲೆ ಸೇರಿಸಿದ್ರೆ ಜೀಪು ಎರಡಿಂಚು ಮೇಲೇಳತ್ತೆ. ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡಲ್ವಾ, ಹಾಗೆ!"

ಇವರು ಮತ್ತೆ ಪೇಪರಿನೊಳಗೆ ಹೋದರು. ಅದನ್ನೇ ಒಪ್ಪಿಗೆಯೆಂದು ತಿಳಿದು ನಾನು ಹೊಲಿಗೆ ಟೇಪು ಹಿಡಿದು ಜೀಪಿನ ಕೆಳಗೆ ನುಗ್ಗಿದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಜಾಗ ಅಳೆದೆ. ಜೀಪಿನ ನೆತ್ತಿಗೂ ಶೆಡ್ಡಿನ ತಗಡಿಗೂ ನಡುವಿನ ಜಾಗ ಅಳೆದು, ಲಿಫ್ಟಿನ ಎರಡಿಂಚು ಕಳೆದೆ. ಧಾರಾಳ! ನನ್ನ ಲೆಕ್ಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನಗಿಂತ ಹುರುಪಿನಲ್ಲಿದ್ದ. "ಅಕ್ಕಾ, ಹಾಕೇಬಿಡೋಣ! ಸ್ವಲ್ಪ ತಾಗಿದ್ರೂ ಸವೆದು ಸವೆದು ತಾನೇ ಜಾಗ ಮಾಡ್ಕೊಳತ್ತೆ!"

"ಹೊಸ ಚಪ್ಪಲಿ ಹಾಗೆ!"

"ಅದೇ ಅಕ್ಕಾ, ಚಪ್ಪಲಿ ಹಾಗೇನೇ!"

ನಾವಿಬ್ಬರೂ ವಿಜ್ಞಾನ ಕಲಿತದ್ದು ಒಂದೇ ಶಾಲೆಯಲ್ಲಿರಬೇಕು.

ಜೀಪು ತರುವ ದಿನ ಇವರು ಅರ್ಧ ದಿನ ರಜೆ ಹಾಕಿದರು. ಅತ್ತೆಯೂ ಹೊರಟರು. ಹೊಸ ಅವತಾರವನ್ನು ಕಂಡು ನನ್ನ ಎದೆ ಉಬ್ಬಿತು. ಅತ್ತೆಯ ಎದೆ ಒಡೆಯಿತು. "ಇದಕ್ಕೆ ಮೆಟ್ಟಿಲೆಲ್ಲಮ್ಮಾ?" ಮೆಕ್ಯಾನಿಕ್ ಸ್ಟೂಲು ತಂದ. ಹಿಂದಿನಿಂದ ಮಗ ತಳ್ಳಿ, ಮುಂದಿನಿಂದ ಸೊಸೆ ಎಳೆದು, ಅತ್ತೆಯನ್ನು ಸಿಂಹಾಸನಾರೂಢರನ್ನಾಗಿ ಮಾಡಿದೆವು. ಕೂತವರೇ ಅವರು ಅಪ್ಪಣೆ ಕೊಡಿಸಿದರು: "ಹಳೇ ಟೈರು ಬಿಟ್ಟು ಬರ್ತೀರಾ? ಹಾಕ್ಕೊಳ್ಳೋ ಹಿಂದಕ್ಕೆ. ಏನಕ್ಕಾದ್ರೂ ಆಗತ್ತೆ!" ಹಳೇ ಟೈರುಗಳೂ ಹತ್ತಿದವು.

ಸ್ಟೀರಿಂಗ್ ನನ್ನ ಕೈಯಲ್ಲಿ. ಸೈರನ್ ಅವಳ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಆಕಳಿಸುತ್ತಿದ್ದಳು. ನೀರಿನ ಟ್ಯಾಂಕು ಬಂತು. ಗುಂಡಿ ಬಂತು. ಗುಂಡಿ ಹೋಯಿತು! ಒಂದು ಸಣ್ಣ ತೂಗಾಟ, ಅಷ್ಟೇ! ಕನ್ನಡಿಯಲ್ಲಿ ನೋಡಿದೆ, ಮಗಳ ರೆಪ್ಪೆ ಇಳಿಯುತ್ತಿತ್ತು. ನನಗೆ ಆನಂದಬಾಷ್ಪ. "ನೋಡಿದ್ರಾ?" ಎಂದು ಪಿಸುಗುಟ್ಟಿ, ನಮ್ಮ ಬೀದಿಗೆಂದು ಬಲಕ್ಕೆ ತಿರುಗಿಸಿದೆ.

ಕರ್ರ್ರ್ರ್ರ್!

ಟೈರು ಮಡ್‌ಗಾರ್ಡನ್ನು ತಿನ್ನತೊಡಗಿತ್ತು. ಸೈರನ್ ಶುರು!

"ಚಕ್ರ ತಿರುಗಿಸಿ ಅಳೆದಿದ್ಯಾ?" ಇವರು ಕೇಳಿದರು.

"ನೇರ ಇಟ್ಟು ಅಳೆದೆ. ಜೀಪು ಮುಂದಕ್ಕೆ ತಾನೇ ಹೋಗೋದು!"

"ಹೌದೌದು. ಮನೆಯನ್ನೇ ಸ್ವಲ್ಪ ಮುಂದಕ್ಕೆ ತರಿಸಿಕೊಳ್ಳೋಣ."

ಹಿಂದೆ ಮುಂದೆ ಸರಿದು, ಮಗಳ ಅಳು ಮತ್ತು ಟೈರಿನ ಅಳು ಎರಡನ್ನೂ ಕೇಳಿಸಿಕೊಳ್ಳುತ್ತ, ಕಡೆಗೂ ಮುಂಬಾಗಿಲಿನ ಪಕ್ಕದ ಶೆಡ್ಡಿಗೆ ಜೀಪು ನುಗ್ಗಿಸಿದೆ. ನೆತ್ತಿಗೂ ತಗಡಿಗೂ ನಡುವೆ ಕೂದಲೆಳೆಯಷ್ಟು ಜಾಗ. "ಕರಾರುವಾಕ್ಕು ಅಂದ್ರೆ ಇದು ರೀ!" ಎಂದು ಬೀಗಿದೆ.

ಇವರು ಹಳೇ ಟೈರುಗಳನ್ನು ಇಳಿಸಿದರು. ತಗಡು ಕಿರ್ ಎಂದದ್ದನ್ನು ಮಗಳ ಅಳುವಿನಲ್ಲಿ ಯಾರೂ ಲಕ್ಷಿಸಲಿಲ್ಲ. ಒಂದನ್ನು ಮುಂಬಾಗಿಲಿನ ಒಳಗೆ ನೆಲದ ಮೇಲೆ ಮಲಗಿಸಿದರು. ಚೀರುತ್ತಿದ್ದ ಮಗು ಎಲ್ಲಿಯಾದರೂ ಚಕ್ರದಡಿಗೆ ತೆವಳಿಬಿಟ್ಟರೆ ಎಂದು ಹೆದರಿ, ನಾನು ಆ ಟೈರಿಗೊಂದು ದುಪ್ಪಟಿ ಹೊದಿಸಿ, ನಡುವಿನ ತೂತಿನಲ್ಲಿ ಅವಳನ್ನು ಕೂರಿಸಿದೆ. ಅಲ್ಲಿಂದ ಅವಳು ಇನ್ನೂ ಜೋರಾಗಿ ಊದಿದಳು.

ಆಮೇಲೆ ಅತ್ತೆ ಜೀಪಿನಿಂದ ಇಳಿದರು.

ನಮ್ಮ ಅತ್ತೆ ಘನವಂತರು, ಎಲ್ಲ ರೀತಿಯಲ್ಲೂ. ಅವರ ಕಾಲು ನೆಲಕ್ಕೆ ತಾಗಿದ್ದೇ ತಡ, ಜೀಪು ನಿಟ್ಟುಸಿರು ಬಿಟ್ಟು ಮೇಲೆದ್ದಿತು. ಚಟ್! ತಗಡಿನ ಒಂದು ಮೊಳೆ ಹಾರಿ ಬಕೆಟ್ಟಿಗೆ ಬಿತ್ತು. ಲಿಫ್ಟಿನ ಎರಡಿಂಚು ಮಾತ್ರ ಕಳೆದಿದ್ದೆ. ದೊಡ್ಡ ಟೈರೂ ಜೀಪನ್ನು ಎತ್ತುತ್ತದೆ ಎಂಬುದು ನನಗೆ ಹೊಳೆದದ್ದು ಆ ಕ್ಷಣದಲ್ಲಿ!

"ಅಮ್ಮಾ, ಹತ್ತು! ಹತ್ತು! ಸೂರು ಏಳ್ತಾ ಇದೆ!" ಇವರು ಕೂಗಿದರು.

"ಈಗ ತಾನೇ ಇಳಿದೆನಲ್ಲೋ, ಮಂಡಿ ನನ್ನದು ಕಣೋ!"

"ಅತ್ತೆ, ಶೆಡ್ಡು ನಮ್ಮದು!" ನಾನೂ ಕೂಗಿದೆ.

ಅಡುಗೆಮನೆಯ ಸ್ಟೂಲು ಬಂತು. ಮತ್ತೆ ತಳ್ಳು, ಮತ್ತೆ ಎಳೆ. ಅತ್ತೆ ಕೂತರು, ಸಾಲಲಿಲ್ಲ. ಇವರು ಹತ್ತಿದರು, ತಗಡು ಇನ್ನೂ ಕಿರುಗುಟ್ಟಿತು. ನಾನೂ ಹತ್ತಿ ಸ್ಟೀರಿಂಗ್ ಮುಂದೆ ಕೂತಾಗ ಜೀಪು ತಗ್ಗಿತು. ಹೀಗೇ ಹಿಂದಕ್ಕೆ ತೆಗೆದು, ಬಯಲಲ್ಲಿ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು, ಟೈರು ಅದೆಷ್ಟು ಉಜ್ಜಿದರೂ ಸರಿ, ನೇರ ರಸ್ತೆಯಲ್ಲಾದರೂ ಓಡಿಸಿ ಮಲಗಿಸಬೇಕು! ಕೀಲಿಗೆ ಕೈ ಹಾಕಿದೆ.

ಆಗ ಗೊತ್ತಾಯಿತು. ಸದ್ದಿಲ್ಲ.

ತೆರೆದ ಬಾಗಿಲಿನತ್ತ ಮೂವರೂ ಕತ್ತು ಚಾಚಿದೆವು. ಹಳೇ ಟೈರಿನ ನಡುವೆ, ದುಪ್ಪಟಿಯ ಮೇಲೆ ಮುದುಡಿಕೊಂಡು, ಕೆನ್ನೆಯನ್ನು ಅದರ ಅಂಚಿಗೊತ್ತಿ, ಬಾಯಲ್ಲಿ ಹೆಬ್ಬೆರಳಿಟ್ಟು ನಮ್ಮ ಸೈರನ್ ಮಲಗಿತ್ತು! ಜೀಪಿಲ್ಲ, ಓಟವಿಲ್ಲ, ಹಾಡಿಲ್ಲ. ಅಷ್ಟು ದಿನ ಅವಳಡಿಯಲ್ಲೇ ಉರುಳುತ್ತಿದ್ದ ಟೈರು!

ಇವರು ಮೆಲ್ಲಗೆ ಒಂದು ಕಾಲು ಕೆಳಗಿಟ್ಟರು. ತಗಡು ಕಿರ್ ಎಂದಿತು. ಮಗು ಹುಬ್ಬು ಗಂಟಿಕ್ಕಿತು. ನಾನು ಇವರ ಸಡಿಲ ಕಾಲರ್ ಹಿಡಿದು ಒಳಗೆ ಎಳೆದೆ. "ಯಾರೂ ಇಳಿಯೋ ಹಾಗಿಲ್ಲ. ಅವಳು ಏಳೋವರೆಗೂ!"

ಹೀಗೆ ನಾವು ಮೂವರು, ನಿಂತ ಜೀಪಿನಲ್ಲಿ, ಮೂಟೆಗಳ ಹಾಗೆ ಕೂತೆವು. ನನ್ನ ಹಾಸಿಗೆ ಕಿಟಕಿಯಿಂದ ಕಾಣುತ್ತಿತ್ತು.

ಇವರು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಅವಳಿಗೆ ಆ ಟೈರು ಸ್ವಲ್ಪ ದೊಡ್ಡದಾಯ್ತು, ಅಲ್ವೇನೇ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅತ್ತೆ ಅಂದರು:

"ಇರಲಿ ಬಿಡೋ. ಬೆಳೆಯೋ ಮಗು!"