ಚೀಟಿಯಿಲ್ಲದ ಮಾತ್ರೆ

ಔಷಧಿಯ ವಿಷಯದಲ್ಲಿ ತನ್ನನ್ನು ಯಾಮಾರಿಸುವವರು ಇನ್ನೂ ಹುಟ್ಟಿಲ್ಲ ಎಂದು ಅವಳು ಗಂಡನ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದಳು. ಹೇಳುವ ಹಕ್ಕೂ ಅವಳಿಗಿತ್ತು. ಮಾತ್ರೆಯ ಡಬ್ಬಿಯೊಳಗೆ ಮಡಿಕೆ ಮೇಲೆ ಮಡಿಕೆ ಮಾಡಿ ಒಂದು ತೆಳ್ಳನೆಯ ಚೀಟಿ ತುರುಕಿರುತ್ತಾರಲ್ಲ, ಅದನ್ನು ಕೊನೆಯ ಸಾಲಿನವರೆಗೆ ಓದುವ ಪ್ರಾಣಿ ಲೋಕದಲ್ಲಿ ಬಹುಶಃ ಅವಳೊಬ್ಬಳೇ. ಮಗಳು ಹುಟ್ಟಿದ ಮೇಲಂತೂ ಈ ಅಧ್ಯಯನ ಉಗ್ರ ತಪಸ್ಸಿನ ಮಟ್ಟಕ್ಕೇರಿತ್ತು. ಮಗುವಿಗೆ ಜ್ವರದ ಹನಿ ಹಾಕುವ ಮೊದಲು ಚೀಟಿ ಓದಿ, ಬೆವರಿ, ಮತ್ತೊಮ್ಮೆ ಓದಿ ಮುಗಿಸುವಷ್ಟರಲ್ಲಿ ಜ್ವರವೇ ಬೇಸತ್ತು ಇಳಿದುಹೋಗುತ್ತಿತ್ತು.

ಇಂಥವಳಿಗೆ ಸೀನು ಹಿಡಿಯಿತು. ಅದೂ ಹಿಡಿಯಬಾರದ ವಾರದಲ್ಲಿ.

ಮುಂದಿನ ಸೋಮವಾರ ಅವಳು ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಅದಕ್ಕಾಗಿ ಗುರುವಾರ ಮಧ್ಯಾಹ್ನ ಅಟ್ಟದ ಮೇಲಿದ್ದ ಆಫೀಸಿನ ಬಟ್ಟೆಗಳ ಚೀಲ ಇಳಿಸಿದ್ದೇ ತಪ್ಪಾಯಿತು. ಎರಡು ವರ್ಷದ ಧೂಳು ಬಟ್ಟೆ ಬಿಟ್ಟು ಅವಳ ಮೂಗಿನಲ್ಲಿ ವಾಸ್ತವ್ಯ ಹೂಡಿತು. ಮಗಳನ್ನು ಸೇರಿಸಬೇಕಿದ್ದ ಶಿಶುವಿಹಾರದಲ್ಲೋ ಒಂದು ಪದ್ಧತಿ. ಸೇರುವ ಮೊದಲು ಒಂದು ವಾರ ತಾಯಿ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿರಬೇಕು, ಮಗು ಉಳಿದ ಮಕ್ಕಳ ಜೊತೆ ಬೆರೆಯಬೇಕು. ಬೆರೆತರೆ ಸೀಟು, ಇಲ್ಲದಿದ್ದರೆ ಅದು ಕಾಯುತ್ತಿರುವ ಇನ್ನೊಂದು ಮಗುವಿಗೆ. ಗುರುವಾರದವರೆಗೂ ಮಗಳು ತೊಡೆ ಬಿಟ್ಟು ಇಳಿದಿರಲಿಲ್ಲ. ಉಳಿದದ್ದು ಶುಕ್ರವಾರವೊಂದೇ. ಸೀಟು ತಪ್ಪಿದರೆ ಕೆಲಸವೂ ತಪ್ಪಿದಂತೆಯೇ. ಮೇಲಾಗಿ, ಸೀನುವವರು ಯಾರೇ ಆಗಲಿ ಗೇಟಿನಿಂದಲೇ ವಾಪಸ್ಸು ಎಂದು ಶಿಶುವಿಹಾರದ ದೊಡ್ಡ ಮಿಸ್ ಮೊದಲೇ ಹೇಳಿದ್ದರು. ಇದು ಅಂಟುವ ನೆಗಡಿಯಲ್ಲ, ಬರೀ ಧೂಳಿನ ಅಲರ್ಜಿ ಎಂದು ಗೇಟಿನಲ್ಲಿ ನಿಂತು ವಾದಿಸಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಗುರುವಾರ ಸಂಜೆ ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಚೆಂದದ ಡಬ್ಬಿಯೊಂದನ್ನು ಮುಂದಿಟ್ಟು, ಇದರಲ್ಲಿ ನಿದ್ದೆಯ ಕಾಟ ಕಡಿಮೆ ಎಂದ. ಅವಳು ಅಲ್ಲೇ ಚೀಟಿ ಬಿಚ್ಚಿದಳು. ಬಾಯಿ ಒಣಗಬಹುದು, ತಲೆ ನೋಯಬಹುದು, ಅಪರೂಪಕ್ಕೆ ಎದೆ ಡವಗುಟ್ಟಬಹುದು. ಅಪರೂಪ ಎಂಬ ಮಾತು ಕಂಡರೆ ಅದು ತನ್ನನ್ನೇ ಹೆಸರು ಹಿಡಿದು ಕರೆದಂತೆ ಅವಳಿಗೆ. ಡಬ್ಬಿಯ ಬೆಲೆ ನೋಡಿದ್ದೇ ಎದೆ ಈಗಲೇ ಡವಗುಟ್ಟಿತು. ಒಂದು ಸೀನಿಗೆ ಇಷ್ಟು ದುಡ್ಡೇ! ಹಿಂದೆ ನಿಂತವರು ಗೊಣಗತೊಡಗಿದರು. ಅಂಗಡಿಯವನು ನಿಟ್ಟುಸಿರು ಬಿಟ್ಟು, ಬೇರೊಂದು ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟ. ಒಂದು ಲೋಟ ಚಹಾಕ್ಕಿಂತ ಅಗ್ಗ.

“ಇದು ಹಳೇ ಔಷಧಿ, ಮೇಡಂ. ನಿದ್ದೆ ಬರುತ್ತೆ, ನೋಡ್ಕೊಳ್ಳಿ.”

ನಿದ್ದೆ! ಅವಳಿಗೆ ನಗು ಬಂತು. ಮಗಳು ಹುಟ್ಟಿದಂದಿನಿಂದ ನಿದ್ದೆ ಅವಳ ಮನೆಯ ದಾರಿಯನ್ನೇ ಮರೆತಿತ್ತು. ಇಂಥ ಎಚ್ಚರಿಕೆಗಳೆಲ್ಲ ರಾತ್ರಿ ಮಲಗುವ ಜನರಿಗೆ. ಮೇಲಾಗಿ, ಕತ್ತರಿಸಿದ ತುಂಡಿನ ಜೊತೆ ಚೀಟಿಯೇ ಇರಲಿಲ್ಲ. ಹೆದರಿಸುವ ಚೀಟಿಯೇ ಇಲ್ಲದ ಮಾತ್ರೆಯಲ್ಲಿ ಹೆದರುವಂಥದ್ದು ಏನಿದ್ದೀತು? ಇಷ್ಟು ಓದಿದವಳ ತರ್ಕ ಹೀಗೆ ಒಂದು ಕತ್ತರಿಯ ಏಟಿಗೆ ಬಿದ್ದುಹೋಯಿತು.

ಶುಕ್ರವಾರ ಬೆಳಿಗ್ಗೆ ಮಾತ್ರೆ ನುಂಗಿದಳು. ಹೊರಡುವ ಹೊತ್ತಾದರೂ ಸೀನು ನಿಲ್ಲಲಿಲ್ಲ. ಔಷಧಿಗೆ ಕೆಲಸ ಮಾಡಲು ಸ್ವಲ್ಪ ಹೊತ್ತು ಬೇಕೆಂಬುದು ಅವಳಿಗೆ ತಿಳಿಯದ್ದೇನಲ್ಲ, ಆದರೆ ಗೇಟು ಕಾಯುವುದಿಲ್ಲವಲ್ಲ. ಕಪಾಟಿನಲ್ಲಿ ಗಂಡನ ನೆಗಡಿಯ ಸಿರಪ್ ಕಂಡಿತು. ಬೇರೆ ಹೆಸರು, ಬೇರೆ ರೂಪ, ಗುಲಾಬಿ ಬಣ್ಣ. ಒಂದು ಮುಚ್ಚಳ ಏರಿಸಿದಳು.

ಗಂಡ ಇಬ್ಬರನ್ನೂ ಗೇಟಿಗೆ ಬಿಟ್ಟು ಹೋದ. ಮೂಗು ಬಾಲ ಮುದುರಿದ ನಾಯಿಯಂತೆ ತೆಪ್ಪಗಿತ್ತು. ಕೋಟೆ ಗೆದ್ದ ರಾಣಿಯಂತೆ ಒಳಹೊಕ್ಕು ಮೂಲೆಯ ಕುರ್ಚಿಯಲ್ಲಿ ಕೂತಳು. ಎಲ್ಲಿಗೂ ಹೋಗಬೇಡ, ಬೀಳ್ತೀಯ, ಅದನ್ನು ಮುಟ್ಟಬೇಡ ಎಂದು ಮಗಳಿಗೆ ನಿತ್ಯದ ಪಾಠ ಶುರು ಮಾಡಿದಳು. ಪಾಠ ನಡುವೆಯೇ ನಿಂತಿತು. ಗೋಡೆಯ ಮೇಲಿನ ಜಿರಾಫೆ ಎರಡಾಯಿತು. ಎರಡು ವರ್ಷದ ಬಾಕಿ ನಿದ್ದೆ ದಂಡು ಕಟ್ಟಿಕೊಂಡು ಬಂದು ಅವಳ ಮೇಲೆ ಬಿತ್ತು.

ಕಣ್ಣು ಬಿಟ್ಟಾಗ ಅವಳು ಮಕ್ಕಳ ಚಾಪೆಯ ಮೇಲಿದ್ದಳು. ಮೈಮೇಲೆ ಬಾತುಕೋಳಿ ಚಿತ್ರದ ಹೊದಿಕೆ, ಕಾಲು ಮಾತ್ರ ಹೊರಗೆ. ನಾಲಿಗೆ ಹತ್ತಿಯ ಮುದ್ದೆಯಂತಾಗಿತ್ತು. ಎದುರಿಗೆ ದೊಡ್ಡ ಮಿಸ್. ಪಕ್ಕದಲ್ಲಿ ಅವರ ಫೋನು ಬಂದದ್ದೇ ಆಫೀಸು ಬಿಟ್ಟು ಓಡಿಬಂದ ಗಂಡ. ಏನು ತಗೊಂಡೆ ಎಂದು ಅವನು ಕೇಳಿದ. ಅವಳು ತೊದಲುತ್ತಾ ಎರಡರ ಹೆಸರನ್ನೂ ಹೇಳಿ, ಚೀಲದಲ್ಲಿದ್ದ ಇನ್ನೊಂದು ಮಾತ್ರೆಯನ್ನು ತೋರಿಸಿದಳು. ಅವನು ಡಾಕ್ಟರಿಗೆ ಫೋನು ಮಾಡಿದ. ಎರಡರೊಳಗೂ ಇರುವುದು ಒಂದೇ ಔಷಧಿ, ಬೆಳಿಗ್ಗೆ ಹೋದದ್ದು ಜೋಡಿ ಪ್ರಮಾಣ ಎಂದು ಡಾಕ್ಟರು ಬೈದರಂತೆ. ಇವತ್ತು ಇನ್ನೇನೂ ಕೊಡಬೇಡಿ, ಗಾಡಿ ಮುಟ್ಟಿಸಬೇಡಿ, ಒಬ್ಬಳನ್ನೇ ಬಿಡಬೇಡಿ, ಮಂಪರು ಹೆಚ್ಚಾದರೆ ಅಥವಾ ಉಸಿರಾಟ ಸರಿಯಿಲ್ಲ ಅನ್ನಿಸಿದರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ ಎಂದರು.

“ಅಷ್ಟುದ್ದ ಚೀಟಿ ಓದೋಳು, ಬಾಟ್ಲಿ ಮೇಲೆ ಬರೆದಿರೋ ಒಂದು ಸಾಲು ಓದ್ಬಾರ್ದಿತ್ತೇನೇ?” ಎಂದ ಗಂಡ. ಬೈಗುಳ ಅವನ ದನಿಯಲ್ಲಿರಲಿಲ್ಲ, ಗಾಬರಿಯಿತ್ತು.

ಅವಳಿಗೆ ಅಳು ಬಂದುಬಿಟ್ಟಿತು. ದುಡ್ಡು ಉಳಿಸಲು ಹೋಗಿ ಸೀಟನ್ನೇ ಕಳೆದುಕೊಂಡೆನಲ್ಲ. ಮಗಳು ತುಂಬಾ ಅತ್ತಳೇ ಎಂದು ಮಿಸ್‌ರನ್ನು ಕೇಳಿದಳು.

ಮಿಸ್ ಕಿಟಕಿಯತ್ತ ಕೈ ತೋರಿಸಿದರು. ಹೊರಗೆ ಮಗಳು ಮರಳಿನ ಗುಡ್ಡೆಯ ಮೇಲೆ ಕೂತು ಇನ್ನೊಂದು ಮಗುವಿನ ತಲೆಗೆ ಬಕೆಟ್ಟು ಹಾಕುತ್ತಿದ್ದಳು. ತಾಯಿ ಕುರ್ಚಿಯಲ್ಲಿ ಒರಗಿದ್ದೇ ತಡ, ಅವಳು ತೊಡೆಯಿಂದ ಜಾರಿ ಇಳಿದಳಂತೆ. ಅಮ್ಮ ತಾಚಿ, ಸದ್ದು ಮಾಡಬೇಡಿ ಎಂದು ಎಲ್ಲರನ್ನೂ ಗದರಿಸಿದಳಂತೆ. ಆಮೇಲೆ ಆಟ, ಊಟ. ತಿರುಗಿ ಕೂಡ ನೋಡಲಿಲ್ಲವಂತೆ.

“ಮಗು ಮೊದಲನೇ ದಿನಾನೇ ಹೊಂದಿಕೊಳ್ತಿತ್ತು. ನೀವು ಬಿಡ್ಬೇಕಿತ್ತು ಅಷ್ಟೆ,” ಎಂದರು ಮಿಸ್. “ಸೀಟು ಕೊಟ್ಟಾಯ್ತು, ಸೋಮವಾರ ಕರ್ಕೊಂಡು ಬನ್ನಿ. ಆದ್ರೆ ಗೇಟಿನ ಹತ್ರಾನೇ ಬಿಟ್ಟು ಹೊರಟುಹೋಗಿ, ಒಳಗೆ ಬರ್ಬೇಡಿ.”

ಅವಳು ಕಣ್ಣೊರೆಸಿಕೊಂಡು, ಗೇಟಿನಲ್ಲಿ ಮಗಳು ಅತ್ತರೆ ಏನು ಮಾಡುವುದು ಎಂದು ಕೇಳಿದಳು.

“ಅವಳು ಅತ್ರೆ ನಾವು ನೋಡ್ಕೋತೀವಿ,” ಎಂದ ಮಿಸ್, ಗಂಡನ ಕಡೆ ತಿರುಗಿದರು. “ಇವ್ರು ಅತ್ರೆ ನೀವು ನೋಡ್ಕೊಳ್ಳಿ, ಸಾರ್. ನಮ್ಮಲ್ಲಿ ಅಷ್ಟು ಜನ ಇಲ್ಲ.”