ರನ್‌ವೇಯಲ್ಲಿ ಇರಲೇ ಇಲ್ಲದ ಎಮ್ಮೆಯ ಕುರಿತು

ವಿಮಾನ ತರಬೇತಿ ಶಾಲೆಯ ಸುರಕ್ಷಾಧಿಕಾರಿಗಳ ಸನ್ನಿಧಾನಕ್ಕೆ, ಮುಂಬಯಿಯ ವಿಲೆ ಪಾರ್ಲೆಯಿಂದ ರಮಾನಾಥನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಉಡುಪಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಇಪ್ಪತ್ತೆರಡು ವರ್ಷ ಕೂತಿರುವ ನನಗೆ ವಿಮಾನವೆಂದರೆ ತಲೆಯ ಮೇಲೆ ಹಾದುಹೋಗುತ್ತ ಗಿರಾಕಿಯ ಆರ್ಡರನ್ನು ನುಂಗಿಹಾಕುವ ಸದ್ದು, ಅಷ್ಟೇ. ಆದರೂ ತಮ್ಮ ವಿದ್ಯಾರ್ಥಿನಿಯಾದ ನನ್ನ ಮಗಳು ಶ್ರಾವ್ಯಾ ಮೊದಲ ಸಲ ಒಬ್ಬಳೇ ಹಾರುವುದನ್ನು ನೋಡಲು ನಾನೂ ನನ್ನ ಹೆಂಡತಿ ಶೀಲಾವತಿಯೂ ಆರು ತಾಸು ಬಸ್ಸಿನಲ್ಲಿ ಕೂತು ತಮ್ಮ ಹಳ್ಳಿಯ ಏರ್‌ಸ್ಟ್ರಿಪ್ಪಿಗೆ ಬಂದೆವು. ತಾವು ನಮ್ಮನ್ನು ರನ್‌ವೇಯ ಎಡಬದಿಯಲ್ಲಿ ನಿಲ್ಲಿಸಿ ಚಹಾ ಕೊಡಿಸಿದಿರಿ. ಆ ಉಪಕಾರ ಮರೆಯುವಂಥದ್ದಲ್ಲ.

ವಿಮಾನ ಹಗುರಾಗಿ ನೆಲ ಮುಟ್ಟಿ ಓಡತೊಡಗಿತ್ತು. ಅಷ್ಟರಲ್ಲಿ ಮುರಿದ ಬೇಲಿಯಿಂದ ಎಮ್ಮೆಯೊಂದು ಸಾವಕಾಶವಾಗಿ ಒಳಬಂದು ನಟ್ಟನಡುವೆ ನಿಂತುಬಿಟ್ಟಿತು. ಶ್ರಾವ್ಯಾ ಬಲಕ್ಕೆ ತಿರುಗಿಸಿದಳು. ವಿಮಾನ ಹುಲ್ಲಿಗಿಳಿದು, ಚರಂಡಿಗೆ ಸಿಕ್ಕಿ, ಮುಂದಿನ ಚಕ್ರ ಮುರಿದುಕೊಂಡು ಮೂಗನ್ನು ನೆಲಕ್ಕೂರಿತು. ಶೀಲಾವತಿ ಚಪ್ಪಲಿ ಬಿಟ್ಟು ಓಡಿದಳು. ನಾನು ಚಹಾದ ಲೋಟ ಹಿಡಿದುಕೊಂಡು ನಿಂತಲ್ಲೇ ನಿಂತೆ. ಮಗಳು ಎಂಜಿನ್ ಆರಿಸಿ, ಬೆಲ್ಟು ಬಿಚ್ಚಿ, ತಾನಾಗಿ ಇಳಿದು ನಿಂತ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಬಳಿಕ ತಮ್ಮ ಘನ ವರದಿ ಬಂತು. ರನ್‌ವೇಯಲ್ಲಿ ಯಾವ ಪ್ರಾಣಿಯೂ ಇದ್ದುದಕ್ಕೆ ಪುರಾವೆಯಿಲ್ಲ, ವಿದ್ಯಾರ್ಥಿನಿ ಗಾಬರಿಗೊಂಡಿದ್ದಾಳೆ ಎಂದು ಬರೆದು ಅವಳ ಹಾರಾಟವನ್ನೇ ನಿಲ್ಲಿಸಿದಿರಿ. ಹೆತ್ತವರ ಕಣ್ಣು ಸಾಕ್ಷಿಗೆ ಬರುವುದಿಲ್ಲ ಎಂದಿರಿ. ಐದು ಕ್ವಿಂಟಲ್ ತೂಗುವ ಪ್ರಾಣಿಯನ್ನು ಒಂದೇ ವಾಕ್ಯದಲ್ಲಿ ಮಾಯ ಮಾಡುವ ತಮ್ಮ ಲೇಖನಿಗೆ ಯಾವ ಬಿರುದು ಕೊಟ್ಟರೂ ಕಡಿಮೆಯೇ.

ಆದರೆ ಆ ವರದಿಯ ಮೇಲೆ ನಡೆದ ವಿಚಾರಣೆಯ ದಿನ ಎಮ್ಮೆಯ ಒಡತಿ ರಂಜನಾಬಾಯಿ, ತನ್ನ ತಲೆಗೇ ದಂಡ ಬರಬಹುದೆಂದು ತಿಳಿದೂ, ಯಾರೂ ಕರೆಯದೆ ಬಂದು ನಿಂತು ಮರಾಠಿಯಲ್ಲಿ ಕೇಳಿದಳು: “ಎಮ್ಮೆ ನನ್ನದೇ, ಸಾಹೇಬ. ಬೇಲಿ ಯಾರದು?” ತಾವು ನೀರು ತರಿಸಿ ಕುಡಿದಿರಿ. ಸೋಮವಾರದಿಂದ ಶ್ರಾವ್ಯಾ ಮತ್ತೆ ಹಾರಬಹುದು ಎಂದು ಅಂದೇ ಆಜ್ಞೆಯಾಯಿತು. ವರದಿಯಲ್ಲಿ ‘ಗಾಬರಿ’ ಮಾತ್ರ ಹಾಗೆಯೇ ಉಳಿಯಿತು.

ಮರಳುವ ಬಸ್ಸಿನಲ್ಲಿ ನಾನು ಮಗಳನ್ನು, ಚರಂಡಿ ಇದ್ದ ಕಡೆಗೇ ಏಕೆ ತಿರುಗಿಸಿದೆ ಎಂದು ಕೇಳಿದೆ. ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು: “ಪಪ್ಪಾ, ಎಡಗಡೆ ನೀವಿಬ್ರು ನಿಂತಿದ್ರಿ. ಬಲಗಡೆ ಖಾಲಿ ಇತ್ತು. ಅಷ್ಟೇ.”

ಆದ್ದರಿಂದ ಮಾನ್ಯರೇ, ಇನ್ನು ಮೇಲೆ ಎಮ್ಮೆಗಳಿಗೆ ವೈರ್‌ಲೆಸ್ ಕೊಟ್ಟು, ಒಳಗೆ ಬರುವ ಮೊದಲು ತಮ್ಮ ಅಪ್ಪಣೆ ಪಡೆಯುವ ಶಿಸ್ತನ್ನು ಕಲಿಸಬೇಕಾಗಿ ಪ್ರಾರ್ಥನೆ. ವರದಿಯಿಂದ ಆ ಒಂದು ಪದವನ್ನು ಅಳಿಸಿಕೊಡಬೇಕು. ಅಳಿಸಲು ನಿಯಮವಿಲ್ಲವಾದರೆ, ಅದನ್ನು ನನ್ನ ಹೆಸರಿಗೆ ವರ್ಗಾಯಿಸಿ. ಅಂದು ಅಲ್ಲಿ ಗಾಬರಿಗೊಂಡವನು ನಾನೊಬ್ಬನೇ.

ತಮ್ಮ ವಿಶ್ವಾಸಿ,
ರಮಾನಾಥ

ತಾ.ಕ.: ಮುಂಬಯಿಗೆ ಬಂದಾಗ ನಮ್ಮ ಹೋಟೆಲಿಗೂ ದಯಮಾಡಿಸಿ. ನೆಲ ಒರೆಸಿದ್ದರೆ ಒದ್ದೆಯಿದೆ ಎಂದು ಮೊದಲೇ ಹೇಳುತ್ತೇವೆ. ಜಾರಿ ಬಿದ್ದ ಗಿರಾಕಿಗೆ ನಡೆಯಲು ಬರುವುದಿಲ್ಲ ಎಂದು ಬರೆದಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.