ದೊರೆಸ್ವಾಮಿಯ ಅಜ್ಜಿಯ ಸೀರೆ

ಹೆಂಡತಿಯ ಟ್ರಂಕಿಗೆ ಅವಳನ್ನು ಕೇಳದೆ ಕೈ ಹಾಕಿ ಉದ್ಧಾರವಾದ ಗಂಡಸನ್ನು ನಾನಂತೂ ಕಂಡಿಲ್ಲ. ಸಿದ್ಧಾರ್ಥನಗರದ ದೊರೆಸ್ವಾಮಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಹಾಕಿದ.

ಪೂರ್ತಿ ತಪ್ಪು ಅವನದೇ ಅಂತಲ್ಲ. ಮಂಡಿ ಮೊಹಲ್ಲಾದ ಹಳೇ ಗೋದಾಮಿನಲ್ಲಿರುವ ಪುಟ್ಟ ಮ್ಯೂಸಿಯಮ್ಮಿಗೆ ಅವನು ಗುಮಾಸ್ತನಾಗಿ ವರ್ಗವಾಗಿ ಬಂದು ವರ್ಷವಾಗಿತ್ತಷ್ಟೇ. ತೊಂಬತ್ತೆಂಟನೇ ಇಸವಿಯ ಆ ಶ್ರಾವಣದಲ್ಲಿ ಅಲ್ಲಿ 'ಗಿರಣಿಗಳ ಮೈಸೂರು' ಎಂಬ ಪ್ರದರ್ಶನ. ಮಗ್ಗದ ಲಾಳಿ, ನೂಲಿನ ಉರುಳೆಗಳು, ಪಾಳಿ ಬದಲಾದಾಗ ಕೂಗುತ್ತಿದ್ದ ಸೈರನ್ನು, ಕೆಲಸಗಾರರ ಬುತ್ತಿ ಡಬ್ಬಿ ಎಲ್ಲ ಬಂದು ಕೂತಿದ್ದವು. ನಡುವಿನ ದೊಡ್ಡ ಗಾಜಿನ ಪೆಟ್ಟಿಗೆ ಮಾತ್ರ ಖಾಲಿ.

"ಸೀರೆ ಇಲ್ದೆ ಗಿರಣಿ ಪ್ರದರ್ಶನ ಹ್ಯಾಗ್ರೀ ಮಾಡೋದು? ಯಾರ ಮನೆಯಿಂದಾದ್ರೂ ಒಂದು ಹಳೇ ರೇಷ್ಮೆ ಸೀರೆ ತಂದು ಹಾಕಿ. ಮುಗಿದ ಮೇಲೆ ವಾಪಸ್ ಕೊಟ್ರಾಯ್ತು," ಎಂದು ಕ್ಯುರೇಟರ್ ವಿಶ್ವನಾಥ್ ಉದ್ಘಾಟನೆಯ ಹಿಂದಿನ ದಿನ ಹೇಳಿದ್ದರು. ಯಾರ ಮನೆಯಿಂದಾದರೂ ಅಂದರೆ ಯಾರ ಮನೆಯಿಂದ ಅಂತ ಗುಮಾಸ್ತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಂಡತಿ ರಮಾಮಣಿಯನ್ನು ಕೇಳುವುದು ಆಗದ ಮಾತು. ಇಸ್ತ್ರಿಯವನ ಕೈಗೂ ಸೀರೆ ಕೊಡದ ಹೆಂಗಸು ಅವಳು. ಮಾರನೆಯ ಬೆಳಗ್ಗೆ ಅವಳು ಸ್ನಾನಕ್ಕೆ ಹೋದದ್ದೇ ದೊರೆಸ್ವಾಮಿ ಟ್ರಂಕಿನ ತಳಕ್ಕೆ ಕೈ ಹಾಕಿ, ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಮಾವಿನ ಚಿಗುರು ಬಣ್ಣದ ಸೀರೆ ಎಳೆದುಕೊಂಡ. ಅವಳು ಅದನ್ನು ಉಟ್ಟದ್ದನ್ನು ಅವನು ಈಚೆಗೆ ನೋಡಿರಲಿಲ್ಲ. ನಾಲ್ಕು ದಿನ ಇಲ್ಲದಿದ್ದರೆ ಗೊತ್ತಾಗುವುದಿಲ್ಲ ಅಂದುಕೊಂಡ. ಗೊತ್ತಾದರೆ ಮಾತ್ರ ಅವನಿಗೆ ಮನೆಯಲ್ಲಿ ಕಾಫಿಯೂ ಇಲ್ಲ, ಮಾತೂ ಇಲ್ಲ.

ಅವನು ಮ್ಯೂಸಿಯಮ್ಮಿಗೆ ಬಂದಾಗ ಕ್ಯುರೇಟರ್ ಶಾಮಿಯಾನದವನ ಹತ್ತಿರ ಜಗಳದಲ್ಲಿದ್ದರು. ಸೀರೆಯ ಕಡೆ ತಿರುಗಿಯೂ ನೋಡದೆ, "ಯಾರದ್ರೀ?" ಅಂದರು.

"ನಮ್ಮಜ್ಜಿದು ಸಾರ್," ಅಂದ ದೊರೆಸ್ವಾಮಿ. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು, ಬಂದು ಇಲ್ಲ ಅನ್ನುವ ಹಾಗಿರಲಿಲ್ಲ. ಅವನೇ ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿದ: ಹಳೆಯ ಗಿರಣಿ ಸೀರೆ, ಶ್ರೀ ದೊರೆಸ್ವಾಮಿಯವರ ಅಜ್ಜಿಗೆ ಸೇರಿದ್ದು.

ಉದ್ಘಾಟನೆ ನಾಲ್ಕಕ್ಕೆ. ಮೂರೂವರೆಗೆ ಬಾಗಿಲಲ್ಲಿ ನೋಡುತ್ತಾನೆ, ರಮಾಮಣಿ ನಿಂತಿದ್ದಾಳೆ. ಜೊತೆಗೆ ಪಕ್ಕದ ಮನೆಯ ಗಿರಿಜಾಂಬಾ.

"ನೀವಂತೂ ಕರೀಲಿಲ್ಲ. ಗಿರಿಜಾಂಬಾ ಅವರು ನೋಡೋಣ ನಡಿ, ಪುಕ್ಕಟೆ ಅಲ್ವಾ ಅಂದ್ರು," ಅಂದಳು ರಮಾಮಣಿ.

ದೊರೆಸ್ವಾಮಿ ಇಬ್ಬರನ್ನೂ ಬಾಗಿಲ ಪಕ್ಕದ ಉರುಳೆಗಳ ಹತ್ತಿರವೇ ಕಟ್ಟಿಹಾಕಲು ನೋಡಿದ. ಇದು ದಪ್ಪ ನೂಲಿಂದು, ಇದು ಸಣ್ಣ ನೂಲಿಂದು, ಇದು ಅದಕ್ಕಿಂತ ಸಣ್ಣ ನೂಲಿಂದು ಎಂದು ಒಂದೊಂದನ್ನೂ ಎತ್ತಿ ತೋರಿಸಿದ.

"ಒಂದು ನೋಡಿದ್ರೆ ಎಲ್ಲಾನೂ ನೋಡ್ದಂಗೆ ಅಲ್ವೇ ದೊರೆಸ್ವಾಮಿಯವರೇ? ಸೀರೆ ಗೀರೆ ಏನೂ ಇಟ್ಟಿಲ್ವಾ?" ಅಂದರು ಗಿರಿಜಾಂಬಾ, ಒಳಗೆ ಕತ್ತು ಚಾಚುತ್ತ.

"ಮೊದ್ಲು ಸೈರನ್ ನೋಡ್ಬನ್ನಿ," ಎಂದವನೇ ದೊರೆಸ್ವಾಮಿ ಅದರ ಹಿಡಿ ತಿರುಗಿಸಿಬಿಟ್ಟ. ಅದು ಕೆಲಸ ಮಾಡುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಸೈರನ್ನು ಗೋದಾಮಿನ ಹೆಂಚು ನಡುಗುವಂತೆ ಕೂಗಿತು. ಎದುರಿನ ಬೆಲ್ಲದ ಮಂಡಿಯ ಹಮಾಲರು ಬೆಂಕಿ ಬಿತ್ತೆಂದು ಬಕೆಟ್ಟು ಹಿಡಿದು ಓಡಿಬಂದರು. ಒಬ್ಬ ಮುನ್ನೆಚ್ಚರಿಕೆಯಿಂದ ದೊರೆಸ್ವಾಮಿಯ ಮೇಲೆಯೇ ನೀರು ಸುರಿದ. ಅವರನ್ನೆಲ್ಲ ಕೈಮುಗಿದು ಕಳಿಸಿ ತಿರುಗುವಷ್ಟರಲ್ಲಿ ರಮಾಮಣಿ ಗಾಜಿನ ಪೆಟ್ಟಿಗೆಯ ಮುಂದಿದ್ದಳು.

ಆದರೆ ಅವಳು ಸೀರೆ ನೋಡುತ್ತಿರಲಿಲ್ಲ. ಗಾಜಿಗೆ ಬೆನ್ನು ಹಾಕಿ, ಸೆರಗು ಅಗಲಿಸಿ, ಉಸಿರು ಬಿಗಿಹಿಡಿದು ನಿಂತಿದ್ದಳು.

"ತಪ್ಪಾಯ್ತು ಕಣೇ," ಅಂದ ದೊರೆಸ್ವಾಮಿ, ತಲೆಯಿಂದ ನೀರು ಇಳಿಯುತ್ತಿರುವಂತೆಯೇ.

"ಅದು ಆಮೇಲೆ. ಬಂದು ಪಕ್ಕದಲ್ಲಿ ನಿಂತ್ಕೊಳ್ರೀ, ಕಾಣದ ಹಾಗೆ. ಇದು ಗಿರಿಜಾಂಬಾ ಅವರ ಸೀರೆ. ನಮ್ ತಮ್ಮನ ಮದುವೇಲಿ ಉಡೋಕೆ ಇಸ್ಕೊಂಡಿದ್ದೆ. ಬಿಸಿಬೇಳೆ ಬಾತು ಚೆಲ್ಲಿ ಕಲೆ ಆಯ್ತು. ಅವತ್ತೇ ಕೊಟ್ಬುಟ್ಟಿದೀನಿ ಅಂತ ಇಷ್ಟು ವರ್ಷ ಸಾಧಿಸಿದೀನಿ."

ದೊರೆಸ್ವಾಮಿಗೆ ಹೋದ ಜೀವ ಬಂದಂತಾಯಿತು. ಇನ್ನು ತನ್ನನ್ನು ಬೈಯುವ ಬಾಯಿ ಇವಳಿಗಿಲ್ಲ ಅನ್ನುವುದು ಅವನಿಗೆ ಎಷ್ಟು ಹಿತವಾಯಿತೆಂದರೆ, ಅವನೂ ಗಾಜಿಗೆ ಬೆನ್ನು ಹಾಕಿ ಅವಳ ಪಕ್ಕ ಖುಷಿಯಿಂದಲೇ ನಿಂತ.

ಗಿರಿಜಾಂಬಾ ಬಂದರು. ಇಬ್ಬರ ಹೆಗಲ ಸಂದಿಯಲ್ಲಿ ಮುಖ ತೂರಿಸಿ ನೋಡಿದರು. ರಮಾಮಣಿ ಕಣ್ಣು ಮುಚ್ಚಿಕೊಂಡಳು.

"ನಿನ್ನನ್ನ ಮನೇಲಿ ವಿಚಾರಿಸ್ಕೋತೀನಿ ರಮಾ," ಎಂದು ಗಿರಿಜಾಂಬಾ ಪಿಸುಗುಟ್ಟಿ, ತಾವೂ ತಿರುಗಿ ಮೂರನೆಯವರಾಗಿ ನಿಂತರು. "ಸ್ವಲ್ಪ ಒತ್ತಿ ನಿಂತ್ಕೋ. ಅಲ್ಲಿ ಮಂಜುಳಮ್ಮ ಬರ್ತಾವ್ರೆ, ನಿಮ್ ಕ್ಯುರೇಟರ್ ಹೆಂಡ್ತಿ. ಮುಂಚೆ ನಮ್ ಮಹಡಿ ಮೇಲೆ ಬಾಡಿಗೆಗಿದ್ರು. ಸೀರೆ ಅವರದು. ನಾನೂ ಇಸ್ಕೊಂಡಿದ್ದೇ. ನೀನು ಕೊಟ್ಟೆ ಅಂತೀಯ, ಮನೇಲಿ ಇಲ್ಲ. ಏನು ಮಾಡ್ಲಿ, ಇಲಿ ತಿಂದ್ಬುಡ್ತು ಅಂತ ಅವರಿಗೆ ಹೇಳ್ಬುಟ್ಟಿದೀನಿ."

ಮಂಜುಳಮ್ಮ ನೇರ ಇತ್ತಲೇ ಬಂದರು. "ಏನ್ರೀ ಇದು, ಫೋಟೋಗೆ ನಿಂತಂಗೆ ನಿಂತಿದ್ದೀರ? ಸರೀರಿ," ಎಂದು ಮೂವರನ್ನೂ ಪಕ್ಕಕ್ಕೆ ತಳ್ಳಿ ಗಾಜಿಗೆ ಮೂಗು ಹಚ್ಚಿದರು. ಮೂವರೂ ಬೈಗುಳಕ್ಕೆ ಕಿವಿಯೊಡ್ಡಿ ಕಾದರು. ಬೈಗುಳ ಬರಲಿಲ್ಲ. ಮಂಜುಳಮ್ಮನ ಮುಖ ಬಿಳಿಚಿಕೊಂಡಿತು. ಅವರೂ ತಿರುಗಿ ಸಾಲಿಗೆ ಸೇರಿಕೊಂಡರು.

"ಇಲಿ ತಿಂದಿಲ್ವಾ ಇದನ್ನ? ಅಯ್ಯೋ, ತಿಂದಿದ್ರೇ ಚೆನ್ನಾಗಿತ್ತು ಕಣಮ್ಮ. ಇದು ನಂದೂ ಅಲ್ಲ. ನಮ್ ತಂಗಿ ಆರತಕ್ಷತೇಲಿ ಒಂದಿನ ಉಟ್ಕೋ ಅಂತ ನಮ್ಮನೆಯವರು ತಂದ್ಕೊಟ್ಟಿದ್ರು."

"ಎಲ್ಲಿಂದ?" ಅಂದ ದೊರೆಸ್ವಾಮಿ.

"ಇದೇ ಪೆಟ್ಟಿಗೆಯಿಂದ."

ಅಷ್ಟರಲ್ಲಿ ಓಲಗ ಶುರುವಾಯಿತು. ಕ್ಯುರೇಟರ್ ವಿಶ್ವನಾಥ್ ಮುಖ್ಯ ಅತಿಥಿಗಳನ್ನು ಕರೆತಂದರು. ಅತಿಥಿಗಳು ದೇವಯ್ಯನವರು. ಮ್ಯೂಸಿಯಮ್ಮಿಗೆ ಒಂದೊಂದು ಸಾಮಾನನ್ನೂ ಊರೂರು ಅಲೆದು ಕೂಡಿಸಿ, ವಿಶ್ವನಾಥರ ಕೈಗೊಪ್ಪಿಸಿ ನಿವೃತ್ತರಾದವರು. ಅವರು ಕೋಲೂರಿಕೊಂಡು ಬಂದಾಗ ಸಾಲು ತಾನಾಗಿಯೇ ಬಿಟ್ಟುಕೊಂಡಿತು. ವಿಶ್ವನಾಥ್ ಸೀರೆ ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಮಾಡಿನ ಹೆಂಚು ನೋಡತೊಡಗಿದರು.

"ಇದು ನಾನು ತಂದ ಸೀರೆ ಅಲ್ವೇನ್ರೀ?" ಅಂದರು ದೇವಯ್ಯ. "ನಾನು ಬಿಟ್ಮೇಲೆ ಕಳೆದುಹೋಯ್ತು ಅಂದಿದ್ರಿ." ಕನ್ನಡಕ ಸರಿಮಾಡಿಕೊಂಡು ಚೀಟಿ ಓದಿದರು. "ಯಾರಪ್ಪ ಈ ದೊರೆಸ್ವಾಮಿ? ಇದು ನಿಮ್ಮಜ್ಜಿಗೆ ಎಲ್ಲಿ ಸಿಕ್ತು?"

ದೊರೆಸ್ವಾಮಿ ಹೆಂಡತಿಯ ಮುಖ ನೋಡಿದ. ಗಿರಿಜಾಂಬಾ, ಮಂಜುಳಮ್ಮ, ಕ್ಯುರೇಟರು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಿಜ ಹೇಳಿದರೆ ಮನೆಯೂ ಇಲ್ಲ, ನೆರೆಯೂ ಇಲ್ಲ, ಕೆಲಸವೂ ಇಲ್ಲ.

"ನಮ್ಮಜ್ಜಿಗೆ ಕೊನೆಗಾಲದಲ್ಲಿ ಸ್ವಲ್ಪ ಕೈ ಸರಿಯಿರ್ಲಿಲ್ಲ ಸಾರ್, ಕಂಡದ್ದು ಎತ್ಕೊಂಡ್ಬರೋರು," ಅಂದ.

ನಾಲ್ಕು ಜನ ಒಟ್ಟಿಗೆ ಉಸಿರುಬಿಟ್ಟರು. ದೇವಯ್ಯ ನಕ್ಕುಬಿಟ್ಟರು. "ಹೋಗ್ಲಿ ಬಿಡಪ್ಪ. ವಯಸ್ಸಾದೋರು. ಸೀರೆ ಮನೆಗೆ ಬಂತಲ್ಲ, ಅಷ್ಟೇ ಸಾಕು."

ಸದ್ಯ, ಬದುಕಿದೆ ಅಂದುಕೊಂಡ ದೊರೆಸ್ವಾಮಿ. ಒದ್ದೆ ಅಂಗಿಯೂ ತಂಪಾಗಿ ಹಿತವೆನಿಸಿತು.

ಆಗ ವಿಶ್ವನಾಥ್ ಹೆಂಚಿನಿಂದ ಕಣ್ಣು ಕಿತ್ತು ಮುಂದೆ ಬಂದರು. ಅವರ ಮುಖದಲ್ಲಿ ಎಂದೂ ಇಲ್ಲದ ಕಳೆಯಿತ್ತು.

"ಹಾಗಾದ್ರೆ ಸಾರ್, ಆ ಬೆಳ್ಳಿ ಲಾಳೀನೂ ಇವರಜ್ಜಿದೇ ಕೆಲಸ ಇರ್ಬೇಕು. ಗಿರಣಿ ಮ್ಯಾನೇಜರ್ ಕೋಣೆ ಗೋಡೆ ಗಡಿಯಾರ, ಬೀಟೆ ಮರದ ಆರಾಮಕುರ್ಚಿ, ಎಲ್ಲ ಆಗ್ಲೇ ಹೋಗಿದ್ದು."

"ಹೌದೇನಪ್ಪ? ಹಾಗಾದ್ರೆ ನಾಳೆ ಬೆಳಗ್ಗೆ ಅವನ್ನೂ ತಂದಿಟ್ಬಿಡು," ಅಂದರು ದೇವಯ್ಯ, ದೊರೆಸ್ವಾಮಿಯ ಬೆನ್ನು ತಟ್ಟಿ.

ಬಚ್ಚಲಿಗೆ ಹೋಗಲೂ ಇಬ್ಬರ ಹೆಗಲು ಬೇಕಾಗಿದ್ದ ಅಜ್ಜಿ ಬೀಟೆ ಮರದ ಕುರ್ಚಿಯನ್ನು ಹೇಗೆ ಹೊತ್ತಳೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಅಷ್ಟು ನೆಮ್ಮದಿಯಾಗಿತ್ತು. ರಮಾಮಣಿ ಮಾತ್ರ ಗಂಡನ ಹತ್ತಿರ ಸರಿದು, ಮೆಲ್ಲಗೆ ಅವನ ಒದ್ದೆ ತೋಳು ಜಗ್ಗಿದಳು.

"ರೀ, ನನ್ನಿಂದ ಯಾಕೆ ಮುಚ್ಚಿಟ್ರಿ? ಅಷ್ಟು ದೊಡ್ಡ ಕುರ್ಚಿ ನಮ್ಮನೇಲಿ ಎಲ್ಲಿಟ್ಟಿದ್ರು ನಿಮ್ಮಜ್ಜಿ?"